ನೀರಿನ ಜಾಡು ಹಿಡಿದು ನಾಲ್ಕು ಊರು

ಹಳೆಯ ಊರು ನೋಡಲು ಬಂದವರು ಬಸ್ಸಿಳಿದ ಕೂಡಲೇ ಕೇಳುವುದು ಒಂದೇ ಮಾತು: ಇಲ್ಲಿ ನೋಡುವಂಥದ್ದು ಏನಿದೆ? ಊರು ತೋರಿಸಲು ಹೋಗುವ ನಾನು ಅವರ ಕೈಗೆ ಬೇರೊಂದು ಪ್ರಶ್ನೆ ಕೊಡುತ್ತೇನೆ. ನಲ್ಲಿ, ಬೋರ್‌ವೆಲ್ ಬರುವ ಮುಂಚೆ ಈ ಊರಿನ ಹೆಂಗಸರು ಕೊಡ ಹಿಡಿದು ಯಾವ ದಿಕ್ಕಿಗೆ ಹೋಗುತ್ತಿದ್ದರು ಎಂದು ವಯಸ್ಸಾದವರೊಬ್ಬರನ್ನು ಕೇಳಿ. ಅವರು ಕೈ ತೋರಿಸಿದ ಕಡೆಗೆ ನಡೆಯಿರಿ. ದಾರಿಯಲ್ಲಿ ಊರಬಾಗಿಲು ಇದ್ದ ಜಾಗ ಸಿಗುತ್ತದೆ, ಅದರ ಪಕ್ಕ ಹನುಮಂತನ ಗುಡಿ ಸಿಗುತ್ತದೆ, ಕೋಟೆ ಎಲ್ಲಿ ಮುಗಿದು ಪೇಟೆ ಎಲ್ಲಿ ಶುರುವಾಯಿತು ಎಂಬುದು ಕಾಲಿಗೇ ತಿಳಿಯುತ್ತದೆ. ಪುಸ್ತಕದಲ್ಲಿ ರಾಜರ ಹೆಸರು ಸಿಗುತ್ತದೆ. ಆ ರಾಜ ಇಲ್ಲೇ ಯಾಕೆ ನಿಂತ ಎಂಬುದಕ್ಕೆ ಉತ್ತರ ಬಹುಪಾಲು ಹೊಂಡದಲ್ಲೋ ಕೆರೆಯಲ್ಲೋ ಹೊಳೆಯಲ್ಲೋ ಇರುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಮಾತಿಗೆ ಒಳ್ಳೆಯ ಸಾಕ್ಷಿ. ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಪ್ರವಾಸಿಗರ ಪಟ್ಟಿಯಲ್ಲಿ ಅವುಗಳ ಹೆಸರು ಕಾಣುವುದು ಅಪರೂಪ. ಹಂಪಿಗೆ, ಚಿತ್ರದುರ್ಗಕ್ಕೆ, ಜೋಗಕ್ಕೆ ಹೋಗುವ ಗಾಡಿಗಳು ಇವುಗಳ ನಡುವೆಯೇ ಹಾದುಹೋಗುತ್ತವೆ. ಪಶ್ಚಿಮದ ತುದಿಯಲ್ಲಿ ನ್ಯಾಮತಿ ಮಲೆನಾಡಿನ ಸೆರಗು. ಪೂರ್ವದ ತುದಿಯಲ್ಲಿ ಜಗಳೂರು ಅಪ್ಪಟ ಬಯಲುಸೀಮೆ. ಒಂದೇ ಜಿಲ್ಲೆಯೊಳಗೆ ಹಸಿರು ತೋಟದಿಂದ ಹೊರಟು ಜಾಲಿಗಿಡದ ಬಯಲು ಮುಟ್ಟಬಹುದು. ಈ ಇಳಿಜಾರನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದವರಿಗೆ ಮನೆಯ ಮಾಡು, ಗೋಡೆಯ ಕಲ್ಲು, ದೇವರ ಜಾತ್ರೆ, ಮಾರುಕಟ್ಟೆಯ ಸರಕು ಎಲ್ಲವೂ ಮಳೆಯ ಲೆಕ್ಕಕ್ಕೆ ತಕ್ಕಂತೆ ಬದಲಾಗುವುದು ಕಣ್ಣಿಗೆ ಬೀಳುತ್ತದೆ.

ಹೊರಡುವ ಮುಂಚೆ ತಿಳಿದಿರಬೇಕಾದ ಸಂಗತಿಯೊಂದಿದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. 1967ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ ಪಟೇಲರ ಊರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರು. ಹೊಸ ಜಿಲ್ಲೆ ಆಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು; ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿಯಂತೂ ತೀರಾ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದೆ. ಹೀಗಾಗಿ ಈ ಊರುಗಳ ಶಾಸನ ಓದಬೇಕೆನ್ನುವವರು 'ದಾವಣಗೆರೆ' ಎಂದು ಹುಡುಕಿದರೆ ಪ್ರಯೋಜನವಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ 7ನೇ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿ ಸೀಮೆಯ ಶಾಸನಗಳಿವೆ; ಜಗಳೂರಿನದು 11ನೇ ಸಂಪುಟ, ಚಿತ್ರದುರ್ಗದ ಜೊತೆಗೆ. ನಾಲ್ಕೈದು ಪುಟ ಮೊಬೈಲಿನಲ್ಲಿಟ್ಟುಕೊಂಡು ಹೋಗಿ. ಹೊಲದ ಬದುವಿನಲ್ಲಿ ನಿಂತ ಕಲ್ಲಿನ ಮುಂದೆ ಆ ಪುಟ ತೆರೆದಾಗ ಊರಿನವರೂ ಬಂದು ಸುತ್ತ ನಿಲ್ಲುತ್ತಾರೆ, ಅವರ ಹಿರಿಯರ ಹೆಸರು ಅದರಲ್ಲಿದೆಯೇ ಎಂದು ಕೇಳುತ್ತಾರೆ.

ಮೊದಲ ದಿನ ಚನ್ನಗಿರಿಗೆ ಕೊಡಿ. ಬೆಳಗಿನ ಹೊತ್ತು, ಬಿಸಿಲು ಬಲಿಯುವ ಮೊದಲೇ ಬೆಟ್ಟ ಹತ್ತಬೇಕು. ಊರಿಗೆ ಅಂಟಿಕೊಂಡೇ ಇರುವ ಈ ಬೆಟ್ಟ ಎತ್ತರದಲ್ಲಿ ದೊಡ್ಡದೇನಲ್ಲ, ವಯಸ್ಸಾದವರೂ ನಿಂತು ನಿಂತು ಹತ್ತಬಹುದು. ಮೇಲೆ ಕೋಟೆ, ಕೋಟೆಯೊಳಗೆ ರಂಗನಾಥಸ್ವಾಮಿಯ ಗುಡಿ. ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರೇ ಊರಿಗೆ ಬಂತು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗಂಡ ಸೋಮಶೇಖರ ನಾಯಕನ ನಂತರ 1670ರ ದಶಕದ ಆರಂಭದಿಂದ ಸುಮಾರು ಕಾಲು ಶತಮಾನ ರಾಜ್ಯವಾಳಿದ, ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟ ರಾಣಿ ಆಕೆ. ಅಂಥವಳ ಹೆಸರು ಹೊತ್ತ ಬೆಟ್ಟದ ಮೇಲೆ ನಿಂತಾಗ ಆ ಕಾಲದ ಧೈರ್ಯವನ್ನು ನೆನೆಯದೆ ಇರಲಾಗದು.

ಮೇಲೆ ಹೋದವರು ಸಾಮಾನ್ಯವಾಗಿ ದೇವರಿಗೆ ಕೈಮುಗಿದು, ಬುರುಜಿನ ಮೇಲೆ ಒಂದು ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಇನ್ನೊಂದಿಷ್ಟು ಹೊತ್ತು ಇರಿ. ಕೋಟೆಯೊಳಗೆ ಮಳೆನೀರು ಹರಿದು ಬರುವ ಇಳಿಜಾರು ಯಾವ ಕಡೆಗಿದೆ, ನೀರು ನಿಲ್ಲುವ ತಗ್ಗು ಎಲ್ಲಿದೆ ಎಂದು ಹುಡುಕಿ. ಮುತ್ತಿಗೆ ಬಿದ್ದಾಗ ಒಂದು ಕೋಟೆ ಎಷ್ಟು ದಿನ ತಡೆಯುತ್ತದೆ ಎಂಬುದು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ಒಳಗಿನ ಹೊಂಡದ ಆಳದ ಮೇಲೆ ನಿಂತಿರುತ್ತಿತ್ತು. ಆಮೇಲೆ ಬುರುಜಿನ ಅಂಚಿಗೆ ಬನ್ನಿ. ಕೆಳಗೆ ಕಣ್ಣು ಹಾಯುವಷ್ಟು ದೂರ ಅಡಿಕೆ ತೋಟ. ಆದರೆ ಚೆನ್ನಮ್ಮಾಜಿ ಈ ಬುರುಜಿನ ಮೇಲೆ ನಿಂತಿದ್ದರೆ ಅವಳಿಗೆ ಕಾಣುತ್ತಿದ್ದುದು ಇಷ್ಟೊಂದು ಹಸಿರಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿ, ಅದರ ಬಲದಂಡೆ ನಾಲೆ ಈ ಸೀಮೆಗೆ ಹರಿದ ಮೇಲೆ, ಅಂದರೆ ಕಳೆದ ಅರವತ್ತು ವರ್ಷಗಳ ಈಚೆಗೆ, ನೆಲದ ಬಣ್ಣವೇ ಬದಲಾಯಿತು. ನಾಲೆ ಮುಟ್ಟಿದ ಕಡೆ ಭತ್ತ, ತೋಟ. ಮುಟ್ಟದ ಕಡೆ ಮೆಕ್ಕೆಜೋಳ. ಬೆಟ್ಟದ ಮೇಲಿಂದ ಆ ಗೆರೆಯನ್ನು ಬೆರಳಲ್ಲಿ ಗುರುತಿಸಬಹುದು.

ಇಳಿಯುವಾಗ ಹತ್ತಿದ ದಾರಿ ಬಿಟ್ಟು ಹಳೆಯ ಬೀದಿಗಳ ಕಡೆಗೆ ಹೊರಳಿ. ಮುಖ್ಯರಸ್ತೆ ಈಚಿನದು, ಅದು ಗಾಡಿಗಳಿಗಾಗಿ ಅಗಲವಾದದ್ದು. ಎರಡು ಎತ್ತಿನ ಗಾಡಿ ಕಷ್ಟಪಟ್ಟು ಹಾಯುವಷ್ಟು ಅಗಲದ, ತುದಿ ಕಾಣದಂತೆ ಬಳುಕುವ ಬೀದಿ ಸಿಕ್ಕರೆ ಹಳೆಯ ಪೇಟೆಗೆ ಬಂದಿರಿ ಎಂದು ತಿಳಿಯಿರಿ. ಜಗಲಿಕಟ್ಟೆ ಇರುವ ಮನೆಗಳ ಮುಂದೆ ನಿಧಾನಿಸಿ. ಕಂಬದ ಬೋದಿಗೆಯಲ್ಲಿ ಕೆತ್ತಿದ ಹೂವು, ಬಾಗಿಲವಾಡದ ಮೇಲಿನ ಗಜಲಕ್ಷ್ಮಿ, ಹೊಸ್ತಿಲ ಹಿತ್ತಾಳೆ ಹೂವು ಇನ್ನೂ ಕೆಲವೆಡೆ ಉಳಿದಿವೆ. ಜಗಲಿಯ ಮೇಲೆ ಕೂತವರಿಗೆ ನಮಸ್ಕಾರ ಹೇಳಿದ ಮೇಲೆಯೇ ಮೊಬೈಲ್ ಎತ್ತಬೇಕು. ಇದು ನನ್ನ ಕಟ್ಟುನಿಟ್ಟಿನ ನಿಯಮ. ಅದೊಂದು ಕುಟುಂಬದ ಮನೆ, ಅವರ ಅಡುಗೆಮನೆ ಬಾಗಿಲವರೆಗೂ ಕ್ಯಾಮೆರಾ ನುಗ್ಗಿಸುವ ಹಕ್ಕು ಯಾರಿಗೂ ಇಲ್ಲ. ನಮಸ್ಕಾರ ಹೇಳಿದವರಿಗೆ ಒಳಗಿನ ತೊಟ್ಟಿಯನ್ನು ಅವರೇ ಕರೆದು ತೋರಿಸುತ್ತಾರೆ.

ಸೆಪ್ಟೆಂಬರಿನಿಂದ ಜನವರಿಯವರೆಗೆ ಬಂದವರಿಗೆ ಊರಿನ ಗಾಳಿಯಲ್ಲೇ ಒಂದು ಒಗರು ವಾಸನೆ ಹೊಡೆಯುತ್ತದೆ. ಅದು ಬೇಯುತ್ತಿರುವ ಅಡಿಕೆಯದು. ಹಸಿ ಅಡಿಕೆಯನ್ನು ಸುಲಿದು, ದೊಡ್ಡ ಹಂಡೆಯಲ್ಲಿ ಚೊಗರಿನ ಜೊತೆ ಬೇಯಿಸಿ, ಅಟ್ಟಣಿಗೆಯ ಮೇಲೋ ಕಣದಲ್ಲೋ ಹರವಿ ಒಣಗಿಸಿದರೆ ಕೆಂಪಡಿಕೆ. ಹೆಂಗಸರು ಸಾಲಾಗಿ ಕೂತು ಮೆಟ್ಟುಗತ್ತಿಗೆ ಅಡಿಕೆ ಒಡ್ಡಿ ಸುಲಿಯುವ ಕೈಚಳಕ ಕಣ್ಣಾರೆ ನೋಡಬೇಕಾದದ್ದು. ಕತ್ತಿಯ ಅಲಗಿಗೆ ಒಂದು ಒತ್ತು, ಒಂದು ತಿರುವು, ಸಿಪ್ಪೆ ಒಂದು ಕಡೆ, ಕಾಯಿ ಇನ್ನೊಂದು ಕಡೆ. ಸುಲಿಯುವವರ ಬೆರಳುಗಳು ಹಂಗಾಮು ಮುಗಿಯುವವರೆಗೆ ಕಪ್ಪಾಗಿಯೇ ಇರುತ್ತವೆ. ಇಲ್ಲಿಯ ಬೆಳೆಗಾರರ ಸಹಕಾರ ಸಂಘ 'ತುಮ್‌ಕೋಸ್' ಹೆಸರು ಅಡಿಕೆ ಬೆಳೆಯುವವರಿಗೆಲ್ಲ ಗೊತ್ತು, ಚನ್ನಗಿರಿಯ ದಿನದ ಧಾರಣೆಯನ್ನು ಶಿವಮೊಗ್ಗದವರೂ ಕೇಳುತ್ತಾರೆ. ಕೋಟೆಯಷ್ಟೇ ಶ್ರದ್ಧೆಯಿಂದ ಈ ಅಡಿಕೆ ವಹಿವಾಟನ್ನೂ ನೋಡಿ ಎನ್ನುತ್ತೇನೆ. ಊರು ಇಂದು ಉಸಿರಾಡುತ್ತಿರುವುದು ಇಲ್ಲಿ.

ಚನ್ನಗಿರಿಗೆ ಹತ್ತಿರದಲ್ಲೇ ಹೊದಿಗೆರೆ. ಶಿವಾಜಿಯ ತಂದೆ ಶಹಾಜಿ ಭೋಸಲೆ 1664ರ ಜನವರಿಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಪ್ರಾಣಬಿಟ್ಟದ್ದು ಇಲ್ಲಿ. ಅವನ ಸಮಾಧಿಯೂ ಇಲ್ಲೇ ಇದೆ. ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಜೊತೆ 1637-38ರ ಸುಮಾರಿಗೆ ಈ ಕಡೆ ಬಂದು, ಬೆಂಗಳೂರನ್ನು ಜಹಗೀರಾಗಿ ಪಡೆದವನು ಶಹಾಜಿ. ಅರಮನೆಯ ವೈಭವ ನಿರೀಕ್ಷಿಸಿ ಬಂದವರಿಗೆ ಇಲ್ಲಿ ಸಿಗುವುದು ಸರಳವಾದ ಕಲ್ಲಿನ ಸಮಾಧಿ. ನನಗಂತೂ ಆ ಸರಳತೆಯೇ ಇಷ್ಟ. ಇಲ್ಲಿಂದ ಸಂತೇಬೆನ್ನೂರಿಗೆ ಹೋಗುವಾಗ ರಣದುಲ್ಲಾ ಖಾನನ ಹೆಸರನ್ನು ಮರೆಯಬೇಡಿ, ಅಲ್ಲಿ ಅವನು ಮತ್ತೆ ಎದುರಾಗುತ್ತಾನೆ.

ಸಂತೇಬೆನ್ನೂರಿನ ಪುಷ್ಕರಣಿಯ ಫೋಟೊ ನೋಡದ ಕನ್ನಡಿಗರು ಕಡಿಮೆ. ಹದಿನಾರನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ಇಲ್ಲಿಯ ಪಾಳೇಗಾರ ಕೆಂಗ ಹನುಮಪ್ಪ ನಾಯಕ. ಬಸವಾಪಟ್ಟಣದಲ್ಲಿ ಬೇರೂರಿ, ಸಂತೇಬೆನ್ನೂರಿನಲ್ಲಿ ಬೆಳೆದು, ಕಡೆಗೆ ತರೀಕೆರೆಗೆ ಹೋಗಿ ನೆಲೆಸಿದ ಮನೆತನ ಅದು. ನಾಲ್ಕೂ ಕಡೆ ಮೆಟ್ಟಿಲು ಇಳಿದ ಚೌಕನೆಯ ಹೊಂಡ, ನಟ್ಟನಡುವೆ ನೀರಿನಿಂದೆದ್ದ ವಸಂತ ಮಂಟಪ, ಅಂಚಿನ ಸುತ್ತ ಚಿಕ್ಕ ಚಿಕ್ಕ ಮಂಟಪಗಳು. ಬಂದವರು ಬಾಗಿಲಲ್ಲೇ ನಿಂತು ಒಂದು ನೋಟ ನೋಡಿ ಹೋಗುತ್ತಾರೆ. ದಯವಿಟ್ಟು ಒಂದು ಪೂರ್ತಿ ಸುತ್ತು ಬನ್ನಿ, ಆತುರವಿಲ್ಲದೆ.

ಮೊದಲ ಮೂಲೆಯಿಂದ ನೋಡಿದರೆ ವಸಂತ ಮಂಟಪ ದೇವಸ್ಥಾನದ ಗೋಪುರದ ಹಾಗೆ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗಿ ತುದಿ ಮುಟ್ಟುತ್ತದೆ. ಅರ್ಧ ಸುತ್ತು ಬಂದು ಸೂರ್ಯನ ಬೆಳಕು ಬೀಳುವ ಕಡೆಯಿಂದ ನೋಡಿ. ಅದೇ ಮಂಟಪದ ಕಮಾನುಗಳು ಎದ್ದು ಕಾಣುತ್ತವೆ. ಆ ಕಮಾನುಗಳ ತುದಿ ಬಿಜಾಪುರವನ್ನು ನೋಡಿದವರಿಗೆ ಪರಿಚಿತ. ಹಿಂದೂ ಪಾಳೇಗಾರನ ವಿಹಾರಕ್ಕೆಂದು ಕಟ್ಟಿದ ಮಂಟಪದಲ್ಲಿ ಸುಲ್ತಾನರ ನಾಡಿನ ಕುಸುರಿಯನ್ನು ಕಲಸಿದ ಕಾರಿಗರ ಯಾರೋ, ಅವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇಂಥದ್ದೇ ಬೆರಕೆಯನ್ನು ಹಂಪಿಯ ಕಮಲ ಮಹಲಿನಲ್ಲಿ ನೋಡಿ ಮೆಚ್ಚುತ್ತೇವೆ. ಇಲ್ಲಿ ಅದು ನೀರಿನ ನಡುವೆ ನಿಂತಿದೆ, ನೆರಳಿನ ಸಮೇತ. ಗಾಳಿ ಇಲ್ಲದ ಮುಂಜಾನೆ ಬಂದರೆ ಎರಡು ಮಂಟಪ ಕಾಣುತ್ತದೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಆಮೇಲೆ ಮೆಟ್ಟಿಲುಗಳ ಕಡೆ ಗಮನ ಕೊಡಿ. ಎಲ್ಲ ಮೆಟ್ಟಿಲೂ ಒಂದೇ ಅಳತೆಯಲ್ಲಿಲ್ಲ, ನಡುನಡುವೆ ಅಗಲವಾದ ಕಟ್ಟೆ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಜನ ಒಂದೊಂದೇ ಹಂತ ಕೆಳಗಿಳಿದು ನೀರು ಮುಟ್ಟಬೇಕಲ್ಲ, ಆ ಯೋಚನೆ ಅದರ ಹಿಂದಿದೆ. ಕಲ್ಲಿನ ಮೇಲೆ ಒಂದರ ಕೆಳಗೊಂದು ಕಾಣುವ ಬಣ್ಣದ ಗೆರೆಗಳು ಬೇರೆ ಬೇರೆ ವರ್ಷ ನೀರು ನಿಂತ ಮಟ್ಟ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಇದು. ನೀರಿಗಿಳಿಯುವುದು, ಕಲ್ಲು ಎಸೆಯುವುದು, ಗೋಡೆಯಲ್ಲಿ ಹೆಸರು ಕೆತ್ತುವುದು ಯಾವುದೂ ಸಲ್ಲದು. ಪಾಚಿ ಕಟ್ಟಿದ ಮೆಟ್ಟಿಲು ಬಲು ಅಪಾಯ, ಮಕ್ಕಳ ಕೈ ಬಿಡಬೇಡಿ.

ಪಕ್ಕದಲ್ಲೇ ಇರುವ ದೊಡ್ಡ ಕಟ್ಟಡ ಮುಸಾಫಿರ್‌ಖಾನೆ. ಹದಿನೇಳನೇ ಶತಮಾನದಲ್ಲಿ ಬಿಜಾಪುರದವರು ಈ ಸೀಮೆ ಹಿಡಿದ ಮೇಲೆ ಎದ್ದದ್ದು. ಇದರ ಜೊತೆ ಸೇರಿಕೊಂಡಿರುವುದು ಆ ರಣದುಲ್ಲಾ ಖಾನನ ಹೆಸರೇ. ಒಳಗೆ ಸಾಲುಗಂಬ, ಕಮಾನು, ಗೋಡೆಯ ತಂಪು. ಗೆದ್ದವರು, ಸೋತವರು, ಸೇಡು ತೀರಿಸಿಕೊಂಡವರು ಎಂದು ಈ ಎರಡು ಕಟ್ಟಡಗಳ ಸುತ್ತ ಊರಿನಲ್ಲಿ ಹತ್ತಾರು ಕಥೆಗಳಿವೆ. ಎಲ್ಲವನ್ನೂ ಕೇಳಿಸಿಕೊಳ್ಳಿ. ಕಥೆಯನ್ನು ಕಥೆಯೆಂದೇ ಹೇಳುವುದು, ಇತಿಹಾಸವನ್ನು ಇತಿಹಾಸವೆಂದು ಹೇಳುವುದು ಊರು ತೋರಿಸುವವರ ಧರ್ಮ. ನಾನೂರು ವರ್ಷದ ಹಿಂದಿನ ಯುದ್ಧವನ್ನು ಇಂದಿನ ನೆರೆಹೊರೆಯವರ ನಡುವೆ ತಂದು ಬಿಡುವವರನ್ನು ನಾನು ನಯವಾಗಿಯೇ ತಡೆಯುತ್ತೇನೆ.

ಇಲ್ಲಿಂದ ಸೂಳೆಕೆರೆ ಅಷ್ಟೇನೂ ದೂರವಿಲ್ಲ. ಸರ್ಕಾರಿ ಹೆಸರು ಶಾಂತಿಸಾಗರ. 'ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ' ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಆ ಬಿರುದಿನ ಹಂಗು ಈ ಕೆರೆಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಏರಿಯ ಮೇಲೆ ನಿಂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದರೆ ಇದರ ಹಿರಿಮೆ ತಿಳಿಯುತ್ತದೆ. ಎರಡೂ ಕಡೆ ಗುಡ್ಡ. ಆ ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಹಳ್ಳ ಹರಿದು ಹೋಗುತ್ತಿತ್ತು. ಅಷ್ಟು ಜಾಗಕ್ಕೆ ಮಾತ್ರ ಒಂದು ಗಿಡ್ಡ ಏರಿ ಹಾಕಿದರು. ಹಿಂದೆ ಸುಮಾರು 27 ಚದರ ಕಿಲೋಮೀಟರ್ ನೀರು ನಿಂತಿತು. ಹನ್ನೊಂದು-ಹನ್ನೆರಡನೇ ಶತಮಾನದ ಕೆಲಸ ಇದು. ಜಾಗ ಆರಿಸಿದವರ ಕಣ್ಣಿಗೆ ಕೈಮುಗಿಯಬೇಕು: ಎಲ್ಲಿ ಕಡಿಮೆ ಮಣ್ಣು ಹಾಕಿದರೆ ಹೆಚ್ಚು ನೀರು ನಿಲ್ಲುತ್ತದೆ ಎಂಬುದನ್ನು ಅವರು ಬರಿಗಣ್ಣಿನಲ್ಲಿ, ಕಾಲ್ನಡಿಗೆಯಲ್ಲೇ ಕಂಡುಕೊಂಡಿದ್ದರು. ಏರಿಗೆ ಎರಡು ತೂಬು. ಒಂದರ ನಾಲೆಗೆ ಸಿದ್ಧನ ಹೆಸರು, ಇನ್ನೊಂದಕ್ಕೆ ಬಸವನ ಹೆಸರು. ಹೆಚ್ಚಾದ ನೀರು ಹರಿದ್ರಾ ಹೊಳೆಯಾಗಿ ಹರಿದು ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಚಿತ್ರದುರ್ಗದವರೆಗೂ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ.

ಕೆರೆಯ ಕಥೆಯನ್ನು ಏರಿಯ ಮೇಲೆ ಕೂತೇ ಕೇಳಬೇಕು. ಸ್ವರ್ಗಾವತಿ ಪಟ್ಟಣದ ರಾಜಕುಮಾರಿ ಶಾಂತವ್ವೆ ತಂದೆಯಿಂದ ಅಪವಾದ ಹೊತ್ತಳು, ಅದನ್ನು ಕಳೆಯಲು ಕೆರೆ ಕಟ್ಟಿಸಲು ನಿಂತಳು. ಜಾಗ ಸೂಳೆಯರ ಕೇರಿಗೆ ಸೇರಿತ್ತು. ತಮ್ಮ ಹೆಸರು ಉಳಿಯಬೇಕೆಂಬ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರು, ಕೆರೆ ತುಂಬಿ ಪಟ್ಟಣವೇ ಮುಳುಗಿತು ಎಂದು ಜನ ಹೇಳುತ್ತಾರೆ. ಊರು ಎತ್ತಿ ಆಡುವ ಹೆಂಗಸರು ಊರಿಗೇ ನೀರು ಕೊಟ್ಟರು ಎನ್ನುವ ಈ ಕಥೆಯನ್ನು ಮುಜುಗರಪಟ್ಟು ನುಂಗಿಕೊಳ್ಳುವ ಗೈಡುಗಳಿದ್ದಾರೆ. ನಾನು ಪೂರ್ತಿ ಹೇಳುತ್ತೇನೆ, ಮಕ್ಕಳ ಮುಂದೆಯೂ ಹೇಳುತ್ತೇನೆ. ಗುಡ್ಡದ ಮೇಲಿಂದ ನೋಡಿದರೆ ಕೆರೆಯಂಗಳದ ಅಂಚಿನಲ್ಲಿ ಗದ್ದೆ, ತೋಟ ಎಷ್ಟು ಒಳಗೆ ಬಂದಿವೆ ಎಂಬುದೂ ಕಾಣುತ್ತದೆ. ಒತ್ತುವರಿಯ ಬಗ್ಗೆ, ಹೂಳಿನ ಬಗ್ಗೆ ಇಲ್ಲಿಯ ಜನ ವರ್ಷಗಳಿಂದ ದನಿ ಎತ್ತುತ್ತಿದ್ದಾರೆ. ಸಾವಿರ ವರ್ಷ ಬಾಳಿದ ಕೆರೆಯನ್ನು ನಮ್ಮ ಕಾಲದಲ್ಲಿ ಕಿರಿದು ಮಾಡಿಕೊಳ್ಳುವುದು ಕಣ್ಣೆದುರಿನ ಅನ್ಯಾಯ.

ಹೊನ್ನಾಳಿಯಲ್ಲಿ ನೀರು ಹುಡುಕುವ ಕೆಲಸವಿಲ್ಲ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾದ ಮೇಲೆ ಆ ಕೂಡಿದ ಹೊಳೆ ಕಾಣುವ ಮೊದಲ ಪಟ್ಟಣ ಇದು. ನಡಿಗೆಯನ್ನು ಹೊಳೆಯ ದಂಡೆಯಿಂದಲೇ ಶುರುಮಾಡಿ. ದಂಡೆಯ ತಗ್ಗಿನ ಬಾಲರಾಜ್ ಘಾಟ್ ಬಡಾವಣೆಗೆ ದೊಡ್ಡ ನೆರೆ ಬಂದಾಗಲೆಲ್ಲ ನೀರು ನುಗ್ಗುತ್ತದೆ. ಗೋಡೆ ಮೇಲಿನ ನೀರಿನ ಗುರುತನ್ನು ಅಲ್ಲಿಯವರೇ ತೋರಿಸುತ್ತಾರೆ, ಯಾವ ವರ್ಷ ಎಷ್ಟು ಮೆಟ್ಟಿಲು ಮುಳುಗಿತ್ತು ಎಂದು ಬಾಯಿಪಾಠ ಹೇಳುತ್ತಾರೆ. ಅಲ್ಲಿಂದ ರಾಯರ ಮಠಕ್ಕೆ ಹೋಗಿ. ಹೊನ್ನಾಳಿಯ ರಾಘವೇಂದ್ರಸ್ವಾಮಿ ಮಠವನ್ನು ಭಕ್ತರು ಎರಡನೆಯ ಮಂತ್ರಾಲಯವೆಂದು ಕರೆಯುತ್ತಾರೆ. ಹಿರೇಕಲ್ಮಠದ ಚನ್ನಪ್ಪಸ್ವಾಮಿಯ ಗದ್ದುಗೆಗೂ ಹೋಗಿ ಬನ್ನಿ. ಒಂದೇ ಊರಿನ ಎರಡು ಮಠಗಳ ನಡುವಿನ ದಾರಿಯಲ್ಲಿ ಊರಿನ ಸಾಮಾಜಿಕ ಚರಿತ್ರೆಯೂ ಇದೆ.

ಹೊನ್ನಾಳಿಯ ಕೋಟೆಯ ಬಗ್ಗೆ ಇಲ್ಲಿಯ ಹುಡುಗರಿಗೇ ಹೆಚ್ಚು ಗೊತ್ತಿಲ್ಲ, ಅದು ನನಗೆ ಬೇಸರದ ಸಂಗತಿ. 1830-31ರಲ್ಲಿ ತೆರಿಗೆಯ ಹೊರೆ ತಾಳಲಾರದೆ ನಗರ ಸೀಮೆಯ ರೈತರು ಕೂಟ ಸೇರಿ ದಂಗೆ ಎದ್ದರು. ಕೆಳದಿ ಮನೆತನದ ವಾರಸುದಾರ ತಾನೆಂದು ಸಾರಿಕೊಂಡು ಅವರ ಮುಂದೆ ನಿಂತ ಬೂದಿ ಬಸಪ್ಪ ನಾಯಕ ಹುಟ್ಟಿದ್ದು ಅಂದಿನ ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯಲ್ಲಿ. ಹೊನ್ನಾಳಿ ಕೋಟೆ ದಂಗೆಕೋರರ ಬಲವಾದ ನೆಲೆಯಾಗಿತ್ತು. ಅದನ್ನು ಮತ್ತೆ ಹಿಡಿಯಲು ಸೈನ್ಯವೇ ಬರಬೇಕಾಯಿತು. ಈ ದಂಗೆಯ ನೆಪವೊಡ್ಡಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡರು, ಮರಳಿ ಕೊಟ್ಟದ್ದು 1881ರಲ್ಲಿ. ಐವತ್ತು ವರ್ಷ ಒಂದು ರಾಜ್ಯದ ಹಣೆಬರಹ ಬದಲಿಸಿದ ಘಟನೆಗೆ ಸಾಕ್ಷಿಯಾದ ಊರಿನಲ್ಲಿ ಅದನ್ನು ಹೇಳುವ ಒಂದು ಒಳ್ಳೆಯ ಫಲಕ ಬೇಕು. ದೀಪಾವಳಿ ಕಳೆದ ಮೇಲೆ ಬಂದವರಿಗೆ ಸುತ್ತಿನ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ಸಿಗುತ್ತದೆ. ಕೊಬ್ಬರಿ ಹಾರ ಕಟ್ಟಿದ ಹೋರಿ ಓಡಿ ಬರುವ ದಾರಿಯಿಂದ ದೂರ, ಮನೆಯ ಮಾಳಿಗೆ ಮೇಲೆ ನಿಂತು ನೋಡಿ.

ನ್ಯಾಮತಿ ಪಟ್ಟಣ ಬೇಗ ಮುಗಿಯುತ್ತದೆ. ಮಲೆನಾಡಿನ ಸರಕು, ಬಯಲಿನ ಸರಕು ಕೈ ಬದಲಾಯಿಸುತ್ತಿದ್ದ ಪೇಟೆ ಇದು. ಅಂಗಡಿ ಬೀದಿಯಲ್ಲಿ ಒಂದು ಸುತ್ತು, ಒಂದು ತಟ್ಟೆ ಮಂಡಕ್ಕಿ-ಮಿರ್ಚಿ, ಅಷ್ಟು ಸಾಕು. ತಾಲ್ಲೂಕಿನ ಜೀವ ಹಳ್ಳಿಗಳಲ್ಲಿದೆ. ಫೆಬ್ರವರಿ ನಡುವಿನಲ್ಲಿ ಬಂದರೆ ಸೂರಗೊಂಡನಕೊಪ್ಪದ ದಾರಿ ಹಿಡಿಯಿರಿ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ದೇಶದ ನಾನಾ ಕಡೆಯಿಂದ ಬಂಜಾರರು ಇಲ್ಲಿಗೆ ಬರುತ್ತಾರೆ. ಮಾಲೆ ಧರಿಸಿದವರು ತಾಂಡಾಗಳಿಂದ ದಿನಗಟ್ಟಲೆ ನಡೆದೇ ಬರುತ್ತಾರೆ. ಎತ್ತುಗಳ ಬೆನ್ನಿಗೆ ಧಾನ್ಯ, ಉಪ್ಪು ಹೇರಿಕೊಂಡು ನಾಡಿನುದ್ದಕ್ಕೂ ನಡೆದ ಜನರ ಮಕ್ಕಳು ಅವರು. ಅವರ ಜೊತೆ ಕೊನೆಯ ನಾಲ್ಕೈದು ಕಿಲೋಮೀಟರ್ ಹೆಜ್ಜೆ ಹಾಕಿದವರಿಗೆ ಲಂಬಾಣಿ ಹಾಡೂ ಸಿಗುತ್ತದೆ, ಹಂಚಿ ತಿನ್ನುವ ರೊಟ್ಟಿಯೂ ಸಿಗುತ್ತದೆ.

ಬೆಳಗುತ್ತಿಯಲ್ಲಿ ಮಾತ್ರ ಕಾಲು ತಡೆಯಬೇಕು. ಹನ್ನೆರಡು-ಹದಿಮೂರನೇ ಶತಮಾನದಲ್ಲಿ ಸಿಂದರು ಆಳಿದ ಊರು ಇದು. ಚಾಳುಕ್ಯ, ಹೊಯ್ಸಳ, ಸೇವುಣರ ನಡುವೆ ಯಾರು ಮೇಲಾದರೆ ಅವರಿಗೆ ತಲೆಬಾಗಿ, ತಮ್ಮ ನೆಲ ಉಳಿಸಿಕೊಂಡ ಸಣ್ಣ ಅರಸರು. ಅಂಥ ಗಡಿನಾಡಿನಲ್ಲಿ ಕಾದಾಟಕ್ಕೆ ಕೊರತೆಯಿಲ್ಲ, ವೀರಗಲ್ಲಿಗೂ ಕೊರತೆಯಿಲ್ಲ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು ಎಳೆದವನು, ಬಿದ್ದವನು, ಕೆಲವೊಮ್ಮೆ ಪಕ್ಕದಲ್ಲಿ ದನದ ಸಾಲು. ದನ ಕಂಡರೆ ಅದು ತುರುಗೋಳಿನ ಕಲ್ಲು. ಊರಿನ ಹಸುಗಳನ್ನು ಬಿಡಿಸಲು ಹೋಗಿ ಸತ್ತವನ ನೆನಪು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರರು, ಅವರಿರುವ ತನಕ ಇವನ ಹೆಸರಿರಲಿ ಎಂದು. ಬಳೆ ತೊಟ್ಟ, ಮೊಣಕೈ ಬಾಗಿದ ಒಂಟಿ ಕೈ ಕೆತ್ತಿದ ಕಲ್ಲು ಸಿಕ್ಕರೆ ಅದು ಮಾಸ್ತಿಗಲ್ಲು. ಅಲ್ಲಿ ಒಂದು ಹೆಣ್ಣುಜೀವ ಬೆಂಕಿಗೆ ಬಿದ್ದಿದೆ, ನೋಡುವಾಗ ಅದನ್ನೂ ಮರೆಯಬಾರದು.

ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ ಬಳಿಯುವುದು, ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸುರಿಯುವುದು ಕಲ್ಲಿಗೆ ಕೇಡು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಬನ್ನಿ. ನಡುಮಧ್ಯಾಹ್ನ ಮಾಯವಾಗಿದ್ದ ಸಾಲುಗಳು ನೆರಳಿನಿಂದಲೇ ಎದ್ದು ನಿಲ್ಲುತ್ತವೆ. ಮೋಡವಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದರೂ ಸಾಕು. ದಣಿವಾದರೆ ಹತ್ತಿರದ ಗುಡ್ಡದಲ್ಲಿ ತೀರ್ಥರಾಮೇಶ್ವರವಿದೆ, ಕಾಡಿನ ನಡುವಿನ ಶಿವಾಲಯ. ಅಲ್ಲಿ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ, ಬೊಗಸೆಯೊಡ್ಡಿ ಕುಡಿಯಬಹುದು.

ಅದೇ ಬೊಗಸೆ ನೀರಿನ ನೆನಪಿನಲ್ಲಿ ಜಗಳೂರಿಗೆ ಬನ್ನಿ. ಬಸ್ಸು ದಾವಣಗೆರೆ ದಾಟಿ ಪೂರ್ವಕ್ಕೆ ಹೋದಂತೆ ಅಡಿಕೆ ಮಾಯವಾಗುತ್ತದೆ, ಹಂಚಿನ ಮಾಡು ಮಾಯವಾಗುತ್ತದೆ. ಜಗಳೂರು ಸೀಮೆಯ ಹಳೆಯ ಮನೆಗಳು ಮಟ್ಟಸದ ಮಾಳಿಗೆಯವು. ಮಳೆ ಸುರಿಯುವ ಕಡೆ ಮಾಡು ಇಳಿಜಾರಾಗಿರಬೇಕು. ಮಳೆಗಾಗಿ ಕಾಯುವ ಕಡೆ ಮಾಡೇ ಅಂಗಳ. ಮೆಣಸಿನಕಾಯಿ ಒಣಗುವುದು ಅಲ್ಲಿ, ಸೆಕೆಗಾಲದ ರಾತ್ರಿ ಮನೆಮಂದಿ ಮಲಗುವುದೂ ಅಲ್ಲಿ. ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿ, ಕಬ್ಬಿಣದ ಅಂಶವಿರುವ ಕೆಂಪು-ಕಪ್ಪು ಕಲ್ಲು ಪದರ ಪದರವಾಗಿ ಸೀಳಿದೆ. ಈ ಕಲ್ಲು ಹೊತ್ತು ನೆತ್ತಿಗೇರಿದಾಗ ಕಾದು ಬಿಡುತ್ತದೆ, ಹಾಗಾಗಿ ಇಲ್ಲಿ ನಡಿಗೆ ಬೆಳಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಟೊಪ್ಪಿಗೆ, ಎರಡು ಬಾಟಲಿ ನೀರು ಇಲ್ಲದೆ ಹೊರಡಬೇಡಿ.

ಜಗಳೂರು ಕೆರೆಯ ಏರಿಯ ಮೇಲೆ ನಡೆಯದೆ ಈ ಊರು ನೋಡಿದಂತಲ್ಲ. ವರ್ಷಗಟ್ಟಲೆ ಒಣಗಿ ನಿಂತ ಕೆರೆಯನ್ನು ಕಂಡವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಬರಗಾಲದಲ್ಲಿ ಗುಳೆ ಹೋದವರ, ದನ ಮಾರಿದವರ ಕಥೆ ಅವರಿಂದಲೇ ಕೇಳಬೇಕು. ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ ಈ ತಾಲ್ಲೂಕಿನ ಕೆರೆಗಳಿಗೆ ತುಂಬಿಸುವ 57 ಕೆರೆಗಳ ಯೋಜನೆ ಆ ದುಃಖಕ್ಕೆ ಸಿಕ್ಕ ಉತ್ತರ. ಹೊನ್ನಾಳಿಯ ದಂಡೆಯಲ್ಲಿ ಕಂಡ ಹೊಳೆಯೇ ಇಲ್ಲಿ ಪೈಪಿನೊಳಗೆ ಬಂದು ಬೀಳುತ್ತದೆ. ಪೈಪಿನ ಬಾಯಿಂದ ನೀರು ಚಿಮ್ಮುವ ಜಾಗಕ್ಕೆ ಊರಿನವರು ಪೂಜೆ ಮಾಡಿ ಹೂ ಏರಿಸುವುದನ್ನು ನೋಡಿದರೆ ನಗಬೇಡಿ. ಮೊಬೈಲ್ ಕೆಳಗಿಟ್ಟು, ಅವರ ಜೊತೆ ನಿಂತುಕೊಳ್ಳಿ.

ತಾಲ್ಲೂಕಿನ ಉಳಿದ ಜಾಗಗಳಿಗೆ ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಕೊಡದಗುಡ್ಡದ ವೀರಭದ್ರೇಶ್ವರ, ಚಿತ್ರದುರ್ಗದ ಪಾಳೇಗಾರರ ಕಾಲದ ಕಣಕುಪ್ಪೆಯ ಕೋಟೆ ಒಂದೇ ದಿನದಲ್ಲಿ ಆಗುತ್ತವೆ. ಕಣಕುಪ್ಪೆಗೆ ಒಬ್ಬರೇ ಹೋಗಬೇಡಿ. ಹಳ್ಳಿಯ ಕುರಿಗಾಹಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಬೆಟ್ಟದ ಮೇಲೆ ನೀರು ಎಲ್ಲಿದೆ ಎಂಬುದು ಅವರಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ, ಅವರ ಅರ್ಧ ದಿನದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿಗಳಿಗೆ ಮೀಸಲಾದ ವನ್ಯಧಾಮ. ನಾಲ್ಕು ಕೊಂಬಿನ ಈ ನಾಚಿಕೆಯ ಪ್ರಾಣಿ ನೀರಿಗೆ ಬರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮುಂಚಿತವಾಗಿಯೇ ಪಡೆದುಕೊಳ್ಳಿ. ನಾಲ್ಕೂ ತಾಲ್ಲೂಕುಗಳಿಗೆ ಸರಿಯಾದ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನ ತನಕ: ಕೆರೆಗಳಲ್ಲಿ ನೀರಿರುತ್ತದೆ, ಚನ್ನಗಿರಿಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಬಿಸಿಲಿನಲ್ಲೂ ನಡೆಯಬಹುದು. ದಾವಣಗೆರೆಯಲ್ಲಿ ಉಳಿದುಕೊಂಡು ದಿನಕ್ಕೊಂದು ತಾಲ್ಲೂಕು ಇಟ್ಟುಕೊಂಡರೆ ಎಲ್ಲ ಕಡೆಗೂ ಬಸ್ಸು ಸಿಗುತ್ತದೆ. ಹಳ್ಳಿಗಳಿಂದ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಇಳಿದ ಕೂಡಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.